ಹಾಲಿನ ಹದ

ಬಣ್ಣ ಒಡೆದದ್ದನ್ನು ಮೊದಲು ಕಂಡವರು ಅತ್ತೆ. ಏರ್‌ಬ್ರಷ್‌ನ ಪುಟ್ಟ ಬಟ್ಟಲಿಗೆ ಐದಾರು ಹನಿ ಕಪ್ಪು ಬಿಟ್ಟು, ಅದರ ಮೇಲೆ ಸ್ಪಿರಿಟ್ ಹಾಕಿ, ಹಲ್ಲುಕಡ್ಡಿಯಲ್ಲಿ ಕಲಕುತ್ತಿದ್ದೆ. ಅಷ್ಟು ಹೊತ್ತೂ ನುಣ್ಣಗಿದ್ದ ಬಣ್ಣ ನೋಡುನೋಡುತ್ತಿದ್ದಂತೆ ತರಿತರಿಯಾಯಿತು. ನೀರಿನಂಥದ್ದು ಒಂದು ಕಡೆ, ಗಟ್ಟಿ ಒಂದು ಕಡೆ. ಕಾಫಿ ಲೋಟ ಇಡಲು ಬಂದ ಅತ್ತೆ ಬಗ್ಗಿ ನೋಡಿ, "ಅಯ್ಯೋ, ಹಾಲು ಒಡೆದಂಗೆ ಒಡೆದುಹೋಯ್ತಲ್ಲೇ" ಅಂದರು.

ಒಡೆದ ಹಾಲನ್ನಾದರೆ ಚೆಲ್ಲುವ ಬುದ್ಧಿ ಇರುತ್ತದೆ. ನನಗೆ ಆವತ್ತು ಅದೂ ಇರಲಿಲ್ಲ. ಇನ್ನೊಂದಿಷ್ಟು ಸ್ಪಿರಿಟ್ ಹಾಕಿದರೆ ಸರಿಹೋದೀತು ಎಂದು ಹಾಕಿದೆ, ಗಾಳಿ ಬಿಟ್ಟೆ, ಗುಂಡಿ ಒತ್ತಿದೆ. ಮೂರು ವಾರ ಕೂತು ಅಂಟಿಸಿ, ಸಂದಿಗಳಿಗೆ ಮೆತ್ತಿ, ನೀರುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದ ವಿಮಾನದ ಎಡರೆಕ್ಕೆಯ ಮೇಲೆ ಪಟಪಟನೆ ಕಪ್ಪು ಕಾಳು ಸಿಡಿಯಿತು. ಆಮೇಲೆ ಮೂತಿ ಕಟ್ಟಿಕೊಂಡು ಅದೂ ನಿಂತಿತು. ಏರ್‌ಬ್ರಷ್‌ನ ಮೂತಿಯ ತೂತು 0.3 ಮಿಲಿಮೀಟರ್. ಅದರಲ್ಲಿ ಗಟ್ಟಿ ಸಿಕ್ಕಿಕೊಂಡರೆ ಇಡೀ ಸಂಜೆ ಸೂಜಿ ಬಿಚ್ಚುವುದಕ್ಕೇ ಹೋಗುತ್ತದೆ.

ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಮಾವ ಏನೂ ಕೇಳಲಿಲ್ಲ. ಕೈ ಚಾಚಿದರು. ವಿಮಾನ ಕೊಟ್ಟೆ. ತೋರುಬೆರಳನ್ನು ರೆಕ್ಕೆಯ ಮೇಲೆ ಒಮ್ಮೆ ಎಳೆದು, "ಏನು ಬಣ್ಣ ಇದು?" ಅಂದರು.

"ಅಕ್ರಿಲಿಕ್, ಮಾವ."

"ಅದು ಹೆಸರು. ಒಳಗೆ ಏನಿದೆ ಅಂತ ಕೇಳಿದೆ."

ನನಗೆ ಗೊತ್ತಿರಲಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ವಯಸ್ಸು ಎಂಬತ್ತೊಂದು. ಬಸವನಗುಡಿಯಲ್ಲಿ ಗಾಂಧಿಬಜಾರಿನಿಂದ ಎರಡು ತಿರುವು ಆಚೆ ಮನೆ. ಎಚ್‌ಎಎಲ್‌ನ ಬಣ್ಣದ ವಿಭಾಗದಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವರು. ನಾನು ಚಿಕ್ಕವಳಿದ್ದಾಗ ರಜಕ್ಕೆ ಚಾಮರಾಜಪೇಟೆಯಿಂದ ಇಲ್ಲಿಗೆ ಬಂದರೆ, ಸಂಜೆ ಫ್ಯಾಕ್ಟರಿ ಬಸ್ಸು ಇಳಿದು ಬರುವ ಮಾವನ ಜೊತೆ ಒಂದು ವಾಸನೆಯೂ ಬರುತ್ತಿತ್ತು. ಅಂಗಿ ಒಗೆದರೂ ಹೋಗದ, ತುಸು ಸಿಹಿಯಾದ, ಮೂಗಿನ ಮೇಲ್ಭಾಗಕ್ಕೆ ಹೋಗಿ ಕೂರುವ ಥಿನ್ನರ್ ವಾಸನೆ. ಅತ್ತೆ ಆ ಅಂಗಿಗಳನ್ನು ಬೇರೆ ಹಗ್ಗದ ಮೇಲೆ ಹರವುತ್ತಿದ್ದರು. ನಮಗೆ ಮಕ್ಕಳಿಗೆ ಅದು ವಿಮಾನದ ವಾಸನೆ.

ನಾನು ಮಾಡೆಲ್ ಕಟ್ಟಲು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ. ಪ್ಲಾಸ್ಟಿಕ್ಕಿನ ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆಯುವ ಹವ್ಯಾಸ. 1:72 ಎಂಬ ಅಳತೆಯಲ್ಲಿ ಆರಡಿ ಮನುಷ್ಯ ಒಂದು ಇಂಚು ಆಗುತ್ತಾನೆ. ಈ ಸಲ ಕಟ್ಟುತ್ತಿದ್ದದ್ದು ನ್ಯಾಟ್. ಹೆಸರಿನ ಅರ್ಥವೇ ನುಸಿ. ನಿಜವಾದ ವಿಮಾನದ ಉದ್ದವೇ ಒಂಬತ್ತು ಮೀಟರಿನಷ್ಟು. ನನ್ನ ಮೇಜಿನ ಮೇಲೆ ಅದು ಹನ್ನೆರಡೂವರೆ ಸೆಂಟಿಮೀಟರ್, ಒಂದು ಅಂಗೈ. ಇಂಗ್ಲೆಂಡಿನ ಫಾಲಂಡ್ ಕಂಪನಿ ರೂಪಿಸಿದ ಈ ವಿಮಾನವನ್ನು ಪರವಾನಗಿ ಪಡೆದು ನಮ್ಮ ಬೆಂಗಳೂರಿನಲ್ಲೇ ಕಟ್ಟಿದರು. 1965ರ ಯುದ್ಧದಲ್ಲಿ ಅದು ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ಇದನ್ನೇ. ಭಾರತದ ವಾಯುಪಡೆಗೆ ಇಂದಿಗೂ ಇರುವ ಒಂದೇ ಪರಮವೀರ ಚಕ್ರ ಅವರದು. ಇದನ್ನು ತಿದ್ದಿ ಬೆಳೆಸಿದ ಅಜೀತ್ 1975ರಲ್ಲಿ ಮೊದಲ ಸಲ ಹಾರಿತು. ಎರಡನ್ನೂ ಮಾವ ಬಲ್ಲರು. ಪೈಲಟ್ಟುಗಳು ಬಲ್ಲ ಹಾಗಲ್ಲ, ಚರ್ಮವನ್ನು ಬಲ್ಲ ಹಾಗೆ.

ಈ ವಿಮಾನವನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿತ್ತು. ಜನವರಿಯಲ್ಲಿ ಮಾವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಅವರ ಮಗ ಪುಣೆಯಲ್ಲಿದ್ದಾನೆ, ನಾನು ಮಲ್ಲೇಶ್ವರದಲ್ಲಿದ್ದೇನೆ, ಅಷ್ಟೇ ಲೆಕ್ಕ. ಒಂದು ಯಂತ್ರದೊಳಗೆ ಗದ್ದ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ ಇರುತ್ತದೆ. ಮಾವ ಒತ್ತಿದ್ದು ಬಹಳ ಕಡಿಮೆ. ಅವರನ್ನು ಇನ್ನೊಂದು ಪರೀಕ್ಷೆಗೆ ಕರೆದೊಯ್ದಿದ್ದಾಗ ಡಾಕ್ಟರು ನನಗೆ ಹೇಳಿದರು: ಗ್ಲಾಕೋಮಾ. ಅಂಚಿನ ದೃಷ್ಟಿ ಎರಡೂ ಕಣ್ಣಲ್ಲಿ ಹೋಗಿದೆ. ಹೋದದ್ದು ಬರುವುದಿಲ್ಲ. ರಾತ್ರಿ ಒಂದೊಂದು ಹನಿ ಔಷಧಿ ತಪ್ಪದೆ ಬಿಟ್ಟರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು.

ಆಟೋದಲ್ಲಿ ಮಾವ ಕೇಳಿದರು, "ಏನಂತೆ?"

"ಡ್ರಾಪ್ಸ್ ಬಿಡ್ತಾ ಇದ್ದರೆ ಸರಿಹೋಗುತ್ತಂತೆ" ಅಂದೆ.

ಮನೆಗೆ ಬಂದು ಅತ್ತೆಗೂ ಅದನ್ನೇ ಹೇಳಿದೆ. ಸುಳ್ಳು ಹೇಳಿದೆ ಎಂದು ಅನಿಸಲಿಲ್ಲ. ಗಟ್ಟಿಯಾದದ್ದನ್ನು ಸ್ವಲ್ಪ ತೆಳ್ಳಗೆ ಮಾಡಿ ಕೊಟ್ಟೆ ಅನಿಸಿತು. ಆ ವಾರವೇ ನ್ಯಾಟ್ ಕಿಟ್ ತರಿಸಿದೆ. ಅವರಿಗೆ ಕಾಣುತ್ತಿರುವಾಗಲೇ ಮುಗಿಸಬೇಕು ಎಂಬ ಆತುರ ಇತ್ತು. ಅದನ್ನೂ ಯಾರಿಗೂ ಹೇಳಲಿಲ್ಲ. ಮಲ್ಲೇಶ್ವರದ ನನ್ನ ಫ್ಲ್ಯಾಟಿನಲ್ಲಿ ಬಣ್ಣ ಹೊಡೆಯಲು ಗಾಳಿಯಾಡುವ ಜಾಗ ಇಲ್ಲ ಎಂಬ ನೆಪ ಹೇಳಿ ಪುಟ್ಟ ಕಂಪ್ರೆಸರನ್ನು ಬಸವನಗುಡಿಯ ಹಿತ್ತಿಲ ಜಗಲಿಗೆ ಸಾಗಿಸಿದೆ. ಭಾನುವಾರ ಬೆಳಗ್ಗೆ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದರೆ ನಾಲ್ಕನೆಯ ನಿಲ್ದಾಣ ನ್ಯಾಷನಲ್ ಕಾಲೇಜು. ಅಲ್ಲಿಂದ ನಡಿಗೆ.

ತಪ್ಪು ಆದದ್ದೂ ಆ ಮೆಟ್ರೋದ ದೆಸೆಯಿಂದಲೇ ಎನ್ನಬೇಕು. ಬೆಂಕಿ ಹತ್ತುವ ದ್ರವಗಳನ್ನು ಅದರಲ್ಲಿ ಒಯ್ಯುವಂತಿಲ್ಲ. 'ಥಿನ್ನರ್' ಎಂದು ಬರೆದಿದ್ದ ಬಾಟಲಿಗಳನ್ನೆಲ್ಲ ಏನಿದೆ ಎತ್ತ ಎಂದು ಓದದೆ ಮನೆಯಲ್ಲೇ ಬಿಟ್ಟು ಬಂದೆ. ಇಲ್ಲಿ ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದಲ್ಲ, ಅಕ್ರಿಲಿಕ್ಕಿಗೆ ಅದೇ ಹಾಕುತ್ತಾರೆ ಎಂದು ಎಲ್ಲೋ ಕೇಳಿದ್ದೆನಲ್ಲ, ಅಷ್ಟು ಸಾಕು ಅಂದುಕೊಂಡೆ.

ಅವತ್ತು ರಾತ್ರಿ ಮನೆಗೆ ಬಂದು ಬಾಟಲಿಗಳ ಮೇಲಿನ ಸಣ್ಣಕ್ಷರ ಓದಿದೆ. ಮಾವನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಮಾಡೆಲ್ ಕಟ್ಟುವವರು ಅಕ್ರಿಲಿಕ್ ಎಂದು ಒಂದೇ ಹೆಸರಿನಲ್ಲಿ ಕರೆಯುವ ಬಣ್ಣಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಜಪಾನಿನ ಟಮಿಯಾ ಮಾದರಿಯದು. ಅದರಲ್ಲಿ ಅಕ್ರಿಲಿಕ್ ರಾಳ ಆಲ್ಕೋಹಾಲ್ ಬಗೆಯ ದ್ರಾವಕಗಳಲ್ಲಿ ಕರಗಿರುತ್ತದೆ, ಸಕ್ಕರೆ ಪಾನಕದಲ್ಲಿ ಕರಗಿದ ಹಾಗೆ. ಅದಕ್ಕೆ ಆಲ್ಕೋಹಾಲ್ ಹಾಕಿದರೆ ಸಂತೋಷವಾಗಿ ತೆಳ್ಳಗಾಗುತ್ತದೆ. ಆ ಕಂಪನಿಯದೇ ಎಕ್ಸ್-20ಎ ಎಂಬ ಥಿನ್ನರಿನಲ್ಲಿ ಇರುವುದೂ ಮುಖ್ಯವಾಗಿ ಅಂಥದ್ದೇ. ಲ್ಯಾಕರ್ ಥಿನ್ನರ್ ಹಾಕಿದರೆ ಇನ್ನೂ ನುಣುಪು ಬರುತ್ತದೆ ಎಂದು ಹಳಬರು ಹಾಕುತ್ತಾರೆ. ಇನ್ನೊಂದು ಸ್ಪೇನಿನ ವಲ್ಲೆಹೋ ಮಾದರಿಯದು. ಅದರಲ್ಲಿ ರಾಳ ಕರಗಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಕಣಕಣಕ್ಕೂ ಸೋಪಿನಂಥ ಒಂದು ಹೊದಿಕೆ. ಆ ಹೊದಿಕೆ ಇರುವ ತನಕ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಬಳಿದ ಮೇಲೆ ನೀರು ಆರಿದಂತೆ ಕಣಗಳು ಒತ್ತಿಕೊಂಡು ಬೆಸೆದುಹೋಗುತ್ತವೆ. ಬಣ್ಣ ಒಣಗುವುದು ಹಾಗೆ. ಇದಕ್ಕೆ ಗಟ್ಟಿ ಆಲ್ಕೋಹಾಲ್ ಸುರಿದರೆ ಹೊದಿಕೆ ಕೆಡುತ್ತದೆ. ರೆಕ್ಕೆಯ ಮೇಲೆ ಆಗಬೇಕಾದ ಬೆಸುಗೆ ಬಟ್ಟಲಲ್ಲೇ ಆಗಿಬಿಡುತ್ತದೆ.

ನನ್ನ ಕಪ್ಪು ಎರಡನೆಯ ಜಾತಿಯದು.

ಅತ್ತೆ ಹಾಲು ಎಂದದ್ದು ಬರೀ ಹೋಲಿಕೆಯಾಗಿರಲಿಲ್ಲ. ಡೈರಿಗಳಲ್ಲಿ ಹಾಲು ಕೆಡುವ ಹಾದಿಯಲ್ಲಿದೆಯೇ ಎಂದು ನೋಡಲು ಅಷ್ಟೇ ಪ್ರಮಾಣದ ಆಲ್ಕೋಹಾಲ್ ಬೆರೆಸಿ ಅಲುಗಾಡಿಸುವ ಪರೀಕ್ಷೆಯೊಂದು ಇದೆ. ಒಳ್ಳೆಯ ಹಾಲು ಹಾಗೇ ಇರುತ್ತದೆ. ಕಾಯಿಸಿದರೆ ಒಡೆಯುವಂಥದ್ದು ಅಲ್ಲೇ ತರಿಯಾಗುತ್ತದೆ. ಹಾಲಿನ ಪ್ರೊಟೀನಿಗೂ ನೀರಿನಲ್ಲಿ ತೇಲಿಸುವ ಒಂದು ಹೊದಿಕೆ ಇದೆ, ಆಲ್ಕೋಹಾಲ್ ಅದನ್ನು ಕೀಳುತ್ತದೆ.

ಮುಂದಿನ ಭಾನುವಾರ ಇದನ್ನೆಲ್ಲ ಮಾವನಿಗೆ ಒಪ್ಪಿಸಿದೆ. ಅವರು ಹೂಂ ಅಂದರು. "ನಮ್ಮಲ್ಲಿ ಡ್ರಮ್ಮಿನ ಮೇಲೆ ಬಣ್ಣದ ನಂಬರೂ ಥಿನ್ನರಿನ ನಂಬರೂ ಜೋಡಿಯಾಗಿ ಬರೆದಿರೋದು. ಜೋಡಿ ತಪ್ಪಿಸಿದರೆ ಬೈಗುಳ" ಅಂದರು. ಸಿಡಿದಿದ್ದ ಕಪ್ಪನ್ನು ತೆಗೆಯಬೇಕಿತ್ತು. ಅದಕ್ಕೆ ಏನು ಹಾಕಬೇಕು? ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಬಣ್ಣದ ಜೊತೆ ಪಾಲಿಸ್ಟೈರೀನ್ ರೆಕ್ಕೆಯನ್ನೂ ಕರಗಿಸಿಬಿಡುತ್ತದೆ. ಎನಾಮೆಲ್ಲಿಗೆ ಹಾಕುವ ಟರ್ಪೆಂಟೈನ್ ಇದಕ್ಕೆ ಹತ್ತುವುದಿಲ್ಲ. ಕೊನೆಗೆ ಬಣ್ಣ ಒಡೆದ ಅದೇ ಸ್ಪಿರಿಟ್ಟನ್ನೇ ಹತ್ತಿಗೆ ಹಚ್ಚಿ ಒರೆಸಿದೆ. ಪ್ಲಾಸ್ಟಿಕ್ಕಿಗೆ ಏನೂ ಆಗದೆ ಕಪ್ಪು ಮಾತ್ರ ಎದ್ದು ಬಂತು. ಕೆಡಿಸಿದ್ದೂ ಅದೇ, ತೊಳೆದಿದ್ದೂ ಅದೇ.

ಬೆಳ್ಳಿಯ ವಿಮಾನಕ್ಕೆ ಕಪ್ಪು ಯಾಕೆ ಎಂದು ನೀವು ಕೇಳಬಹುದು. ಅತ್ತೆಯೂ ಕೇಳಿದರು. ಲೋಹದ ಬಣ್ಣದಲ್ಲಿ ಇರುವುದು ತೆಳ್ಳನೆಯ ಅಲ್ಯೂಮಿನಿಯಂ ಚಕ್ಕೆಗಳು. ಅವುಗಳ ಕೆಳಗೆ ಹೊಳೆಯುವ ಕಪ್ಪು ಇದ್ದರೆ ಲೋಹಕ್ಕೆ ಆಳ ಬರುತ್ತದೆ. ಆದರೆ ಆ ಕಪ್ಪು ಕನ್ನಡಿಯ ಹಾಗೆ ಇರಬೇಕು. ಬೇರೆ ಬಣ್ಣ ಒಂದು ಧೂಳಿನ ಕಣವನ್ನು ಮುಚ್ಚಿಕೊಳ್ಳಬಹುದು, ಬೆಳ್ಳಿ ಅದನ್ನು ಎತ್ತಿ ತೋರಿಸುತ್ತದೆ. "ಸಿಲ್ವರ್ ಚಾಡಿಕೋರ" ಎಂದು ಅವರ ವಿಭಾಗದಲ್ಲಿ ಹೇಳುತ್ತಿದ್ದರಂತೆ.

ಆಗ ಶುರುವಾದದ್ದು ಚಮಚದ ಪರೀಕ್ಷೆ. ವಿಮಾನದ ಮೇಲೆ ಪ್ರಯೋಗ ಮಾಡುವ ಬದಲು ಪ್ಲಾಸ್ಟಿಕ್ ಚಮಚದ ಬೆನ್ನಿನ ಮೇಲೆ ಮಾಡುವುದು ಮಾಡೆಲ್ ಕಟ್ಟುವವರ ಪದ್ಧತಿ. ಚಮಚದ ಉಬ್ಬು ವಿಮಾನದ ಮೈಯ ಹಾಗೇ ಇರುತ್ತದೆ. 2022ರ ಜುಲೈಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚಗಳಿಗೆ ದೇಶದಲ್ಲೆಲ್ಲ ನಿಷೇಧ. ಆದರೆ ಅತ್ತೆ ಯಾವುದನ್ನೂ ಎಸೆಯುವವರಲ್ಲ. ಯಾವ ಕಾಲದ್ದೋ ಐಸ್‌ಕ್ರೀಮ್ ಚಮಚಗಳನ್ನು ತೊಳೆದು ರಬ್ಬರ್‌ಬ್ಯಾಂಡ್ ಹಾಕಿ ಇಟ್ಟಿದ್ದರು. ಅದರಲ್ಲಿ ಮೂರು ಕೇಳಿ ತೆಗೆದುಕೊಂಡೆ.

ಒಂದನೆಯ ಚಮಚಕ್ಕೆ ನಲ್ಲಿಯ ನೀರು ಬೆರೆಸಿದ ಕಪ್ಪು. ಬಣ್ಣ ಚಮಚದ ಮೇಲೆ ಹರಡದೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಗುಂಡುಗುಂಡಾಗಿ ನಿಂತಿತು. ನೀರಿನ ಮೇಲ್ಮೈ ಎಳೆತ ಬಲವಾದದ್ದು. ಆಲ್ಕೋಹಾಲಿನದಕ್ಕೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ ನಮ್ಮ ನೀರಿನಲ್ಲಿ ಇನ್ನೊಂದು ತಾಪತ್ರಯ. 1974ರಲ್ಲಿ ಬೆಂಗಳೂರಿಗೆ ಕಾವೇರಿ ಬಂದದ್ದು ನಿಜ, ಮಾವನ ಮನೆಗೂ ಅದು ಬರುತ್ತದೆ. ಆದರೆ ಬಾರದ ದಿನಗಳಿಗೆಂದು ಸಂಪಿಗೆ ಬೋರ್‌ವೆಲ್ ನೀರೂ ಬೀಳುತ್ತದೆ. ಗಡಸು ನೀರು. ಗೀಸರಿನಲ್ಲಿ ಬಿಳಿ ಪದರ ಕಟ್ಟುವ ಆ ಸುಣ್ಣ ಕಪ್ಪು ಬಣ್ಣ ಒಣಗಿದ ಮೇಲೆ ಮಸುಕಾದ ಉಂಗುರವಾಗಿ ಕಾಣಿಸಿಕೊಂಡಿತು.

ಎರಡನೆಯದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ತಂದೆ. ಅದಕ್ಕೆ ಹಲ್ಲುಕಡ್ಡಿಯ ತುದಿಯಷ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ನೀರಿನ ಎಳೆತ ಇಳಿಸುತ್ತದೆ. ಅಂಟುವಾಳಕಾಯಿ ಅರೆದು ಕೂದಲಿಗೆ ಹಾಕಿದರೆ ನೀರು ಬುಡಕ್ಕೆ ಇಳಿಯುವುದೂ ಅದೇ ಕಾರಣಕ್ಕೆ. ಹೆಚ್ಚಾದರೆ ಗುಳ್ಳೆ ಏಳುತ್ತದೆ. ಇದು ಚೆನ್ನಾಗಿ ಹರಡಿತು.

ಮೂರನೆಯದಕ್ಕೆ ಆ ಬಣ್ಣದ ಕಂಪನಿಯೇ ಮಾಡುವ ಥಿನ್ನರ್. ಅದರಲ್ಲಿ ಬೆಂಕಿ ಹತ್ತುವಂಥದ್ದು ಏನೂ ಇರಲಿಲ್ಲ. ಆದರೂ ಮೆಟ್ರೋ ಬಾಗಿಲಲ್ಲಿ ವಾದಕ್ಕೆ ನಿಲ್ಲುವ ಧೈರ್ಯವಿಲ್ಲದೆ, ಒಂದು ಪುಟ್ಟ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಮಲ್ಲೇಶ್ವರದಿಂದ ಆಟೋದಲ್ಲಿ ತಂದೆ. ಬಾಟಲಿಯ ಬೆಲೆಗೂ ಆಟೋ ಬಾಡಿಗೆಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಒಂದು ದಿನ ಪೂರ್ತಿ ಒಣಗಲು ಬಿಟ್ಟು ಮೂರನ್ನೂ ಮಾವನ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡರು. ಒಂದನೆಯದನ್ನು ಮುಟ್ಟಿದ ಕೂಡಲೇ ಪಕ್ಕಕ್ಕೆ ಇಟ್ಟರು. ಎರಡನೆಯದು, ಮೂರನೆಯದು ಬೆರಳಿಗೆ ಒಂದೇ ಅಂದರು. ಆಮೇಲೆ ಹೆಬ್ಬೆರಳಿನ ಉಗುರಿನಲ್ಲಿ ಕೆರೆದರು. ಎರಡನೆಯದರ ಕಪ್ಪು ಸಿಪ್ಪೆಯಾಗಿ ಎದ್ದಿತು. ಮೂರನೆಯದು ಕಚ್ಚಿಕೊಂಡಿತ್ತು.

"ನೀರು ಬಣ್ಣಾನ ತೆಳ್ಳಗೆ ಮಾಡ್ತು, ಅಂಟನ್ನೂ ತೆಳ್ಳಗೆ ಮಾಡ್ತು" ಅಂದರು. "ಇದರಲ್ಲಿ ಅಂಟೂ ಸ್ವಲ್ಪ ಇರಬೇಕು ನೋಡು."

ಬಾಟಲಿ ನೋಡಿದೆ. ಇತ್ತು.

ಯಾವ ಥಿನ್ನರ್ ಎಂಬುದು ಹೀಗೆ ತೀರ್ಮಾನವಾಯಿತು. ಎಷ್ಟು ಎಂಬುದು ಉಳಿಯಿತು. ಏರ್‌ಬ್ರಷ್ ಬಗ್ಗೆ ಯಾರನ್ನು ಕೇಳಿದರೂ 'ಹಾಲಿನ ಹದಕ್ಕೆ ಬರಬೇಕು' ಎನ್ನುತ್ತಾರೆ. ಮಾವ ಈ ಮಾತನ್ನು ಬಿಡಲಿಲ್ಲ. "ಯಾವ ಹಾಲು? ನಂದಿನಿ ನೀಲಿ ಪ್ಯಾಕೆಟ್ಟೋ, ಎಮ್ಮೆ ಹಾಲೋ?" ಅವರ ಕಾಲದಲ್ಲಿ ಹದ ನೋಡಲು ಅಡಿಯಲ್ಲಿ ತೂತಿರುವ ಲೋಹದ ಬಟ್ಟಲು ಇತ್ತಂತೆ. ಬಣ್ಣ ತುಂಬಿ, ತೂತಿಗೆ ಒತ್ತಿದ ಬೆರಳು ತೆಗೆದು, ಧಾರೆ ಕಡಿಯುವ ತನಕ ಸೆಕೆಂಡು ಎಣಿಸುವುದು. ಇಷ್ಟು ಸೆಕೆಂಡು ಎಂದರೆ ಇಷ್ಟು ಹದ. ಅಂಥದ್ದನ್ನು ಮನೆಯಲ್ಲೇ ಮಾಡೋಣ ಎಂದರು. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಹತ್ತು ಮಿಲಿಲೀಟರಿನ ಅಳತೆಮುಚ್ಚಳ ಹುಡುಕಿ, ಗೋಣಿಸೂಜಿಯನ್ನು ಗ್ಯಾಸ್ ಮೇಲೆ ಕಾಯಿಸಿ ತಳದಲ್ಲಿ ತೂತು ಮಾಡಿದೆ. ಮೊದಲು ಹಾಲನ್ನೇ ಅಳೆದು ಸೆಕೆಂಡು ಬರೆದುಕೊಳ್ಳಬೇಕು, ಆಮೇಲೆ ಬಣ್ಣವನ್ನು ಅದಕ್ಕೆ ಸರಿಹೊಂದಿಸಬೇಕು.

ಹಾಲಿಗೆಂದು ಫ್ರಿಜ್ ತೆಗೆದೆ. ಬಾಗಿಲಿನ ಗೂಡಿನಲ್ಲಿ, ನಿಂಬೆಹಣ್ಣಿನ ಪಕ್ಕ, ಕಣ್ಣಿನ ಡ್ರಾಪ್ಸ್ ಡಬ್ಬಿ ಇತ್ತು. ಸೀಲು ಒಡೆದಿರಲಿಲ್ಲ. ಅದರ ಹಿಂದೆ ಇನ್ನೊಂದು. ಅದೂ ಹಾಗೇ. ಫೆಬ್ರವರಿಯಲ್ಲಿ ಒಂದು, ಮಾರ್ಚಿನಲ್ಲಿ ಒಂದು, ನಾನೇ ತಂದುಕೊಟ್ಟವು. ಆಗ ಏಪ್ರಿಲ್ ಎರಡನೆಯ ವಾರ.

ಹಾಲಿನ ಪ್ಯಾಕೆಟ್ ಒಂದು ಕೈಯಲ್ಲಿ, ಡಬ್ಬಿಗಳು ಇನ್ನೊಂದು ಕೈಯಲ್ಲಿ ಹಿಡಿದು ಜಗಲಿಗೆ ಬಂದೆ. "ಇದೇನು ಮಾವ?"

"ಹೋದ ಸಲದ್ದು ಖಾಲಿ ಆಗೋವರೆಗೂ ಹಾಕಿದೆನಲ್ಲ" ಅಂದರು. "ಒಂದು ತಿಂಗಳು ದಿನಾ ಹಾಕಿದೆ ಕಣೇ. ಸರಿಹೋಗುತ್ತೆ ಅಂದಿದ್ದೆ ನೀನು. ಏನೂ ಸರಿಹೋಗಲಿಲ್ಲ. ಮೊದಲು ಹೇಗೆ ಕಾಣ್ತಿತ್ತೋ ಹಾಗೇ. ಕೆಲಸ ಮಾಡದ ಔಷಧಿಗೆ ಯಾಕೆ ದುಡ್ಡು ಅಂತ ಬಿಟ್ಟೆ. ಹೇಳಿದರೆ ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಮೊದಲಿನ ಹಾಗೇ ಕಾಣುವುದೇ ಆ ಔಷಧಿಯ ಕೆಲಸ. ಅದು ಅವರಿಗೆ ಗೊತ್ತಾಗದಂತೆ ಮಾಡಿದವಳು ನಾನು. ಎರಡು ತಿಂಗಳು ಹನಿ ಇಲ್ಲದೆ ಕಳೆದಿದ್ದವು. ಆ ಎರಡು ತಿಂಗಳಲ್ಲಿ ಅಂಚಿನಿಂದ ಇನ್ನೆಷ್ಟು ಸವೆದಿತ್ತೋ, ಅದು ಇನ್ನು ಬರುವಂಥದ್ದಲ್ಲ. ಬಾಯಿ ಒಣಗಿತು. ಮತ್ತೆ ಏನಾದರೂ ಮೆತ್ತಗೆ ಹೇಳಲು ಮಾತು ಹುಡುಕುತ್ತಿದ್ದೆ ಎಂದು ಕಾಣುತ್ತದೆ. ಮಾವ ಅದನ್ನು ಕಂಡುಹಿಡಿದರು. ನೋಡಿ ಕಂಡುಹಿಡಿದರೋ, ನನ್ನ ಸುಮ್ಮನಿರುವಿಕೆಯಿಂದ ಕಂಡುಹಿಡಿದರೋ.

"ಡಾಕ್ಟರು ನಿನಗೆ ಏನು ಹೇಳಿದರು?" ಅಂದರು. "ಥಿನ್ನರ್ ಹಾಕದೆ ಹೇಳು."

ಹೇಳಿದೆ. ಜನವರಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಹೋದದ್ದು ಬರುವುದಿಲ್ಲ ಎಂಬುದನ್ನು ಹೇಳುವಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಯಾರೂ ಅಳಲಿಲ್ಲ. ತೆಂಗಿನಮರದಲ್ಲಿ ಅಳಿಲು ಕೂಗುತ್ತಿತ್ತು. ಮಾವ ಸ್ವಲ್ಪ ಹೊತ್ತು ಮುಚ್ಚಳವನ್ನು ಬೆರಳುಗಳಲ್ಲಿ ತಿರುಗಿಸುತ್ತಾ ಕೂತರು.

"ಎಷ್ಟು ಗಂಟೆಗೆ ಬಿಡಬೇಕು?"

"ರಾತ್ರಿ ಒಂಬತ್ತಕ್ಕೆ. ಒಂದೊಂದು ಹನಿ."

"ಉಳಿದಿರೋದು ಉಳಿಯುತ್ತೆ ಅಂತಾನಾ?"

"ಉಳಿಯೋ ಸಾಧ್ಯತೆ ಜಾಸ್ತಿ ಅಂದರು. ಪಕ್ಕಾ ಅಂತ ಹೇಳಲಿಲ್ಲ."

"ಇದನ್ನ ಮೊದಲೇ ಹೇಳಿದ್ದರೆ ಬಿಡ್ತಿದ್ದೆನಲ್ಲೇ" ಅಂದರು. ಬೈದ ಹಾಗೆ ಇರಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸಿದ ಹಾಗಿತ್ತು. ಆಮೇಲೆ ಮುಚ್ಚಳದ ತೂತಿಗೆ ಬೆರಳು ಒತ್ತಿ ನನ್ನ ಮುಂದೆ ಹಿಡಿದರು. "ಹುಯ್ಯಿ ಹಾಲು."

ಹಾಲು ಹನ್ನೊಂದು ಸೆಕೆಂಡಿಗೆ ಇಳಿಯಿತು. ಮೂರು ಸಲ ಅಳೆದೆವು. ಬಾಟಲಿಯಿಂದ ಬಂದ ಬಣ್ಣ ಇಳಿಯಲೇ ಇಲ್ಲ, ತೂತಿನ ಬಾಯಲ್ಲಿ ತೊಟ್ಟಾಗಿ ನಿಂತಿತು. ಬಣ್ಣ ಹತ್ತು ಹನಿಗೆ ಥಿನ್ನರ್ ಐದು ಹನಿಯ ಲೆಕ್ಕದಿಂದ ಶುರು ಮಾಡಿ, ಹನಿ ಹನಿ ಹೆಚ್ಚಿಸುತ್ತಾ ಹೋಗಿ, ಹತ್ತಕ್ಕೆ ಒಂಬತ್ತು ಎಂಬಲ್ಲಿ ಹನ್ನೆರಡು ಸೆಕೆಂಡಿಗೆ ಬಂತು. ಮಾವ ಸಾಕು ಅಂದರು. ಬೇರೆ ಬಾಟಲಿಗೆ ಈ ಲೆಕ್ಕ ನಡೆಯುವುದಿಲ್ಲ ಎಂದೂ ಅಂದರು. ಹಳೆಯ ಬಾಟಲಿಯಲ್ಲಿ ನೀರು ಆರಿ ಬಣ್ಣ ಗಟ್ಟಿಯಾಗಿರುತ್ತದೆ. ಅಂದಂದಿನದನ್ನು ಅಂದಂದೇ ಅಳೆಯಬೇಕು.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಎದುರಾಯಿತು. ಒಣಹವೆಗೆ ಬಣ್ಣ ಏರ್‌ಬ್ರಷ್‌ನ ತುದಿಯಲ್ಲೇ ಒಣಗಿ ಕಟ್ಟುತ್ತಿತ್ತು. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಒಂದು ಹನಿ ಸೇರಿಸಿ, ಗಾಳಿಯ ಒತ್ತಡವನ್ನು ಹದಿನೈದು ಪಿಎಸ್‌ಐಗೆ ಇಳಿಸಿದ ಮೇಲೆ ಹತೋಟಿಗೆ ಬಂತು. ನೀರಿನ ಬಣ್ಣ ತಾನೇ ಎಂದು ಮಾಸ್ಕ್ ಇಲ್ಲದೆ ಹೊಡೆಯಲು ಹೋದರೆ ಮಾವ ಬಿಡುತ್ತಿರಲಿಲ್ಲ. "ವಾಸನೆ ಇಲ್ಲ ಅಂದರೆ ಶ್ವಾಸಕೋಶಕ್ಕೆ ಹೋಗಲ್ಲ ಅಂತ ಯಾರು ಹೇಳಿದ್ದು?" ಕಪ್ಪನ್ನು ಒಂದೇ ಸಲ ದಪ್ಪಗೆ ಹೊಡೆಯದೆ ತೆಳ್ಳಗೆ ನಾಲ್ಕು ಸುತ್ತು ಹೊಡೆದೆ. ಪ್ರತಿ ಸುತ್ತಿನ ನಡುವೆ ಒಂದು ಕಾಫಿಯಷ್ಟು ಹೊತ್ತು.

ಪ್ರತಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದೆ. ಮೊದಲ ವಾರ ಮಾವ "ಹಾಕಿದೆ" ಎನ್ನುತ್ತಿದ್ದರು. ಆಮೇಲೆ ಅತ್ತೆಯೇ ಎತ್ತಿಕೊಂಡು, "ಹಾಕಾಯ್ತು, ಮಲಗು ಹೋಗು" ಎಂದು ಇಟ್ಟುಬಿಡುತ್ತಿದ್ದರು. ಮೇ ಕೊನೆಗೆ ಮತ್ತೆ ಪರೀಕ್ಷೆಗೆ ಹೋದೆವು. ಈ ಸಲ ಡಾಕ್ಟರ ಮುಂದೆ ಮೂವರೂ ಕೂತೆವು. ಜನವರಿಯ ನಕ್ಷೆ, ಈಗಿನ ನಕ್ಷೆ ಪಕ್ಕಪಕ್ಕ ಇಟ್ಟು ತೋರಿಸಿದರು. ಬಲಗಣ್ಣು ಹಾಗೇ ಇದೆ. ಎಡಗಣ್ಣಿನ ಅಂಚಿನಲ್ಲಿ ಕಪ್ಪು ಸ್ವಲ್ಪ ಒಳಗೆ ಬಂದಿದೆ. ಅದು ಆ ಎರಡು ತಿಂಗಳದ್ದೋ ಅಲ್ಲವೋ ಎಂದು ಹೇಳಲಾಗುವುದಿಲ್ಲ ಅಂದರು. ನಾನು ಹೇಳಿಕೊಳ್ಳಬಲ್ಲೆ. ಮಾವ ಆ ವಿಷಯ ಎತ್ತಲಿಲ್ಲ. ಒತ್ತಡದ ಅಂಕಿ ಎಷ್ಟಿರಬೇಕು, ಎಷ್ಟಿದೆ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಂಡರು.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಭಾನುವಾರ ಸಂಜೆ ಮೋಡ ಬಿಟ್ಟಿದ್ದಾಗ ಬೆಳ್ಳಿ ಹೊಡೆದೆ. ಕಪ್ಪಿನ ಮೇಲೆ ಮಂಜಿನ ಹಾಗೆ ಕೂತು, ಎರಡನೆಯ ಸುತ್ತಿಗೆ ಅಲ್ಯೂಮಿನಿಯಂ ಆಯಿತು. ಒಣಗಿದ ಮೇಲೆ, ರಾತ್ರಿ ಊಟ ಮುಗಿಸಿ, ವಿಮಾನವನ್ನು ಮಾವನ ಮುಂದೆ ದೀಪದ ಕೆಳಗೆ ಹಿಡಿದೆ. ತೀರ ಹತ್ತಿರಕ್ಕೆ ತಂದೆ. ಬೇಡ, ಸ್ವಲ್ಪ ಹಿಂದಕ್ಕೆ ಹಿಡಿ ಅಂದರು. ಹಿಡಿದೆ. ಇನ್ನೂ ಸ್ವಲ್ಪ. ಒಂದು ಮೊಳದ ದೂರದಲ್ಲಿ ನಿಲ್ಲಿಸಿದರು.

"ಹಾಂ. ಈಗ ಪೂರ್ತಿ ಕಾಣ್ತು" ಅಂದರು. "ಮೂತಿಯಿಂದ ಬಾಲದ ತನಕ."

ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಉಳಿದಿರುವ ಅವರ ದೃಷ್ಟಿಯಲ್ಲಿ ಬಾಗಿಲಿಗೆ ಬಂದ ಮನುಷ್ಯ ಪೂರ್ತಿ ಹಿಡಿಯುವುದಿಲ್ಲ, ಬೀದಿ ಹಿಡಿಯುವುದಿಲ್ಲ. ಹನ್ನೆರಡೂವರೆ ಸೆಂಟಿಮೀಟರ್ ಹಿಡಿಯಿತು. ತುಂಬ ಹೊತ್ತು ನೋಡಿದರು. ಆಮೇಲೆ ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ, ಬೆರಳನ್ನು ಮೂತಿಯಿಂದ ಹಿಂದಕ್ಕೆ ಎಳೆದರು. ಎಡರೆಕ್ಕೆಯ ಬುಡದಲ್ಲಿ ಬೆರಳು ನಿಂತಿತು.

"ಇಲ್ಲೊಂದ್ ಕಾಳು ಉಳಿದಿದೆ. ಮೊದಲ ದಿನದ್ದು."

ಬೆಳಕಿಗೆ ಹಿಡಿದು ನೋಡಿದೆ. ನನಗೆ ಕಾಣಲಿಲ್ಲ. ಮುಟ್ಟಿದೆ, ಇತ್ತು.

"ಉಜ್ಜಿ ಇನ್ನೊಂದ್ಸಲ ಹೊಡೀಲಾ ಮಾವ?"

ಅವರು ಯೋಚಿಸಿದರು. ಅವರ ವಿಭಾಗದಲ್ಲಿ ಆಗಿದ್ದರೆ ಹಾಗೆ ಬಿಡುತ್ತಿರಲಿಲ್ಲ ಎಂದು ನನಗೆ ಗೊತ್ತು. "ಬೇಡ. ಕೈಗೆ ಗುರುತು ಇರಲಿ" ಅಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, "ಟೈಮ್ ಎಷ್ಟಾಯ್ತು ನೋಡು" ಅಂದರು.

ಒಂಬತ್ತಕ್ಕೆ ಐದು ನಿಮಿಷ ಇತ್ತು. ಅತ್ತೆ ಆಗಲೇ ಫ್ರಿಜ್ ಬಾಗಿಲು ತೆಗೆಯುತ್ತಿದ್ದರು.